ಯಾರೂ ಬೀಳದ ಕುಸ್ತಿ

ಕುಸ್ತಿಯ ಹುಚ್ಚು ಹಿಡಿದ ಒಂದು ಕಾಡಿನಲ್ಲಿ ನರಿಯೊಂದು ಅಖಾಡ ನಡೆಸುತ್ತಿತ್ತು. ಅಲ್ಲಿ ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದನ್ನು ನರಿ ಮೊದಲೇ ಗುಟ್ಟಾಗಿ ಹೇಳಿಕೊಟ್ಟಿರುತ್ತಿತ್ತು. ಬೀಳುವ ಪ್ರಾಣಿ ಚೆನ್ನಾಗಿಯೇ ಬಿದ್ದು, ಅಯ್ಯೋ ಎಂದು ನರಳುತ್ತಿತ್ತು. ನೋಡಲು ಬಂದವರು ಇದು ನಿಜವೋ ನಾಟಕವೋ ತಿಳಿಯದೆ ತಲೆ ಕೆರೆದುಕೊಳ್ಳುತ್ತಿದ್ದರು. ಚಪ್ಪಾಳೆಗೆ ಮಾತ್ರ ಏನೂ ಕೊರತೆಯಿರಲಿಲ್ಲ.

ಮಳೆಗಾಲ ಹತ್ತಿರ ಬಂತು. ಬೆಟ್ಟದಲ್ಲಿದ್ದ ಒಂದೇ ಒಂದು ಒಣ ಗವಿಗಾಗಿ ಕರಡಿಗೂ ಕಾಡುಹಂದಿಗೂ ಜಗಳ ಹತ್ತಿತು. ಎರಡಕ್ಕೂ ಪುಟ್ಟ ಮರಿಗಳಿದ್ದವು. ಕುಸ್ತಿಯಲ್ಲಿ ಗೆದ್ದವರಿಗೆ ಗವಿ ಎಂದು ನರಿ ಸಾರಿತು. ಆಮೇಲೆ ಮೆಲ್ಲಗೆ ಕರಡಿಯ ಬಳಿ ಹೋಗಿ, ಹಂದಿ ಬೀಳಲು ಒಪ್ಪಿದೆ, ನೀನು ಸುಮ್ಮನೆ ಹಿಡಿದುಕೊಂಡರೆ ಸಾಕು ಎಂದು ಹೇಳಿ ಜೇನು ಗಿಟ್ಟಿಸಿತು. ಹಂದಿಯ ಬಳಿ, ಕರಡಿ ಬೀಳಲು ಒಪ್ಪಿದೆ ಎಂದು ಹೇಳಿ ಗೆಣಸು ಗಿಟ್ಟಿಸಿತು. ಹೇಗೂ ಒಬ್ಬರು ಬೀಳುತ್ತಾರೆ, ಸೋತವರಿಗೆ ಎದುರಾಳಿ ಮಾತು ತಪ್ಪಿತು ಎಂದರಾಯಿತು ಎಂಬುದು ಅದರ ಲೆಕ್ಕಾಚಾರ. ಎಂಥ ಭಂಡ ನೋಡಿ.

ಕುಸ್ತಿ ಶುರುವಾಯಿತು. ಕರಡಿ ಕಾಯಿತು, ಹಂದಿ ಬೀಳಲಿಲ್ಲ. ಹಂದಿ ಕಾಯಿತು, ಕರಡಿ ಬೀಳಲಿಲ್ಲ. ಬೀಳಲು ಒಪ್ಪಿದ ಪಾಪದ ಪ್ರಾಣಿಗೆ ನೋವಾದೀತೆಂದು ಎರಡೂ ಹಿಡಿತ ಸಡಿಲ ಮಾಡಿದವು. ಬಿಸಿಲು ನೆತ್ತಿಗೇರಿತು. ಇದು ಕುಸ್ತಿಯೋ, ನೆಂಟರ ಅಪ್ಪುಗೆಯೋ ಎಂದು ನೋಡುವವರಿಗೆ ತಲೆಬುಡ ಅರ್ಥವಾಗಲಿಲ್ಲ.

ಕೊನೆಗೆ ಕರಡಿ ಹಂದಿಯ ಕಿವಿಯಲ್ಲಿ ಕೇಳಿತು: "ಯಾವಾಗ ಬೀಳ್ತೀಯ ಮಾರಾಯ? ನನ್ನ ಸೊಂಟ ಹಿಡ್ಕೊಂಡಿದೆ."

"ನಾನ್ಯಾಕೆ ಬೀಳ್ಲಿ? ಬೀಳೋದು ನೀನಲ್ವಾ? ಹಾಗಂತ ಹೇಳಿ ನರಿ ನನ್ನ ಗೆಣಸೆಲ್ಲ ತಗೊಂಡು ಹೋಯ್ತು," ಎಂದಿತು ಹಂದಿ.

ಕರಡಿ ಕಣ್ಣು ಪಿಳಿಪಿಳಿ ಬಿಟ್ಟಿತು. ವಿಷಯ ತಲೆಗೆ ಹೋದಾಗ ಅದರ ಮೈಯೆಲ್ಲ ಉರಿಯಿತು. ಎರಡೂ ತಿರುಗಿ ನರಿಯನ್ನು ನೋಡಿದವು. ನರಿ ಓಡಲು ಹೊರಟಿತು, ಆದರೆ ಕರಡಿ ಅದನ್ನು ಹಿಡಿದು ಎತ್ತಿ ಕುಕ್ಕಿತು. ಹಂದಿ ಮೂತಿಯಿಂದ ತಿವಿದು ಅಖಾಡದ ಆಚೆಗೆ ಹಾರಿಸಿತು. ಆಮೇಲೆ ಎರಡೂ ಮಾತಾಡಿಕೊಂಡು, ಮರಿಗಳನ್ನೆಲ್ಲ ಕರೆದುಕೊಂಡು ಒಂದೇ ಗವಿ ಸೇರಿದವು. ಒಳಗೆ ಇಕ್ಕಟ್ಟಾಯಿತು, ಆದರೆ ಯಾರೂ ನೆನೆಯಲಿಲ್ಲ.

ಇತ್ತ ನರಿ ಬಿದ್ದಲ್ಲೇ ಕೂಗುತ್ತಿತ್ತು: "ಕಾಲು ಮುರೀತು, ಯಾರಾದ್ರೂ ಬಂದು ಎತ್ತಿ. ಇದು ನಾಟಕ ಅಲ್ಲ, ನನ್ನಾಣೆ."

ನೋಡುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ನಿಜವಿರಬಹುದೇ ಎಂದು ಮೊಲ ಕೇಳಿತು. ಇರಲಿಕ್ಕಿಲ್ಲ, ಆದರೂ ಇಷ್ಟು ಚೆನ್ನಾಗಿ ಯಾರೂ ನರಳಿರಲಿಲ್ಲ ಎಂದಿತು ಮಂಗ. ಎಲ್ಲರೂ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿ ಮನೆಗೆ ಹೋದರು.

ನೀತಿ: ಸುಳ್ಳನ್ನು ನಿಜವೆಂದು ನಂಬಿಸಿ ಬದುಕುವವರ ನಿಜವಾದ ನೋವನ್ನೂ ಜನ ಸುಳ್ಳೆಂದೇ ತಿಳಿಯುತ್ತಾರೆ.