ಒಂಟಿ ರಾಜ

ಮೈಸೂರಿನ ಗೋಪಾಲರಾಜೇ ಅರಸರಿಗೆ ಮೇಜಿನ ಮೇಲೆ ಪುಟ್ಟ ಗೊಂಬೆಗಳ ಯುದ್ಧದಾಟ ಆಡುವ ಹುಚ್ಚು. ಜೊತೆಗೆ ಆಡುವವರು ಅವರಿಂದಲೇ ಸೈನ್ಯ ಕೊಳ್ಳಬೇಕು. ಬೆಲೆ ಕೇಳಿದವರು ಕಾಫಿ ಕುಡಿದು ಎದ್ದುಹೋಗುತ್ತಿದ್ದರು.

“ದಸರೆಯೊಳಗೆ ಆಟಗಾರರನ್ನು ಕರೆದು ತಾ. ಇಲ್ಲದಿದ್ದರೆ ಬೇರೆ ಕೆಲಸ ನೋಡಿಕೋ” ಎಂದರು ಆಳಿಗೆ.

ಆಳು ಬೀದಿಯ ಮನೆಮನೆಗೂ ಒಂದೊಂದು ರಾಜನ ಗೊಂಬೆಯನ್ನು ಬಿಟ್ಟಿಯಾಗಿ ಹಂಚಿ ಬಂದ. ಅರಸರು ಕೆಂಡವಾದರು.

ವಾರದೊಳಗೆ ಬಾಗಿಲಲ್ಲಿ ಗಂಡಸರು ನೆರೆದರು. ಎಲ್ಲರಿಗೂ ರಾಣಿ ಬೇಕು. ರಾಣಿ ಒಯ್ದವರು ಕಾವಲಿಗೆ ಸೈನಿಕರನ್ನು ಕೇಳಿ ಬಂದರು. ಅಷ್ಟು ದುಡ್ಡು ಸುರಿದ ಮೇಲೆ ಆಡದಿದ್ದರೆ ಹೇಗೆಂದು ಆಟಕ್ಕೂ ಕೂತರು.

“ಏನು ಮಾಡಿದೆಯೋ?”

“ದಸರೆಗೆ ಪಟ್ಟದ ಗೊಂಬೆ ಜೋಡಿಯಾಗಿಯೇ ಕೂರಬೇಕಲ್ಲ ಬುದ್ಧಿ. ಒಂಟಿ ರಾಜನನ್ನು ಕೂರಿಸಲು ಯಾವ ಮನೆಯ ಹೆಂಗಸು ಒಪ್ಪುತ್ತಾಳೆ?”

ಮೆಚ್ಚಿದ ಅರಸರು ಅವನಿಗೂ ಒಬ್ಬ ರಾಜನನ್ನು ಇನಾಮು ಕೊಟ್ಟರು.

ಆಳು ಅದನ್ನು ಮೆಲ್ಲನೆ ಮರಳಿ ಮೇಜಿನ ಮೇಲಿಟ್ಟ. “ಬೇಡ ಬುದ್ಧಿ. ನಮ್ಮನೆಯಲ್ಲೂ ಹೆಂಗಸರಿದ್ದಾರೆ.”