ಎಂಟು ಬೆರಳು ಕೊಯ್ದ ಕುರ್ಚಿ

ಯಾಕೋಬಪ್ಪ ಬಡಿಗ. ಊರು ಗದಗಿನ ಕಡೆಯದು. ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು. ಅಳತೆ ಬರೆದಿಡಲು ಅವನಿಗೆ ಬರುತ್ತಿರಲಿಲ್ಲ. ಅದಕ್ಕೆ ದಾರ ಇಟ್ಟಿದ್ದ. ಯಾರಿಗೆ ಏನು ಮಾಡಬೇಕಾದರೂ ದಾರ ಹಿಡಿದು ಅಳೆಯುವನು. ಅಳತೆಗೊಂದು ಗಂಟು ಹಾಕುವನು. ಮನೆಗೆ ಹತ್ತಿದ ತನ್ನ ಅಂಗಡಿಯ ಗೋಡೆಯ ಮೊಳೆಗೆ ತೂಗುಹಾಕುವನು. ಯಾವ ದಾರ ಯಾರದು ಅನ್ನುವುದು ಒಂದು ದಿನವೂ ತಪ್ಪಿದ್ದಿಲ್ಲ.

"ಊರ ಮಂದಿಯೆಲ್ಲಾ ನನ್ನ ಗೋಡಿ ಮ್ಯಾಲೆ ತೂಗ್ಯಾಡಾಕತ್ತಾರ" ಅಂತ ನಗುತ್ತಿದ್ದ.

ಕೆಲಸ ಮುಗಿದ ಮೇಲೆ ಗಂಟು ಬಿಚ್ಚಬೇಕು. ಮುಗಿಯದ ಕೆಲಸದ ದಾರ ಬಿಚ್ಚಬಾರದು. ಇದು ಅವನ ಅಪ್ಪನಿಂದ ಬಂದ ರೂಢಿ.

ಅವನ ಹೆಂಡತಿ ಸಲೋಮಿ. ಕ್ರೈಸ್ತ ಸಭೆಯವರು ನಡೆಸುವ ಸಣ್ಣ ಸಾಲಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ಊರೆಲ್ಲ ಅವಳನ್ನು ಅಕ್ಕೋರು ಅನ್ನುತ್ತಿತ್ತು. ಹತ್ತೊಂಬತ್ತು ವರ್ಷ ಕಲಿಸಿದ ಮೇಲೆ ಸಭೆಯವರು ಅವಳನ್ನು ಹೆಡ್ ಅಕ್ಕೋರು ಮಾಡಿದರು.

ಯಾಕೋಬಪ್ಪನಿಗೆ ಕಾಲು ನೆಲಕ್ಕೆ ತಾಗಲಿಲ್ಲ. ತಾನು ಓದದವನು. ತನ್ನ ಹೆಂಡತಿ ಸಾಲಿಗೇ ದೊಡ್ಡವಳು! ಅವಳನ್ನು ಮನೆಯ ಕಟ್ಟೆ ಮೇಲೆ ಕೂಡಿಸಿ ದಾರ ಹಿಡಿದು ಅಳತೆ ತಗೊಂಡ. ಒಳ್ಳೆಯ ಸಾಗವಾನಿ ತಂದ. ಒಂದು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಎರಡೂ ಕಡೆ ಕೈ ಇರುವ ಎತ್ತರದ ಕುರ್ಚಿ ಮಾಡಿದ. ಬೆನ್ನಿನ ಹಲಗೆಯಲ್ಲಿ ಶಿಲುಬೆ ಕೆತ್ತಿದ. ಇಡೀ ಕುರ್ಚಿಗೆ ಒಂದು ಮೊಳೆ ಇಲ್ಲ. ಎಲ್ಲ ಬರೀ ಕಚ್ಚು ಕೊಟ್ಟ ಜೋಡಣೆ, ಮರದ ಗೂಟ. ತಲೆಯ ಮೇಲೆ ಹೊತ್ತು ಸಾಲಿಗೆ ತಂದಿಟ್ಟ.

ಸಲೋಮಿ ಕುರ್ಚಿಯ ಮೇಲೆ ಕೈ ಆಡಿಸಿದಳು. ಕಣ್ಣು ತುಂಬಿಕೊಂಡವು.

"ಕುಂಡ್ರು" ಅಂದ ಯಾಕೋಬಪ್ಪ.

"ಕುಂಡ್ರತೀನಿ ತಗೋರಿ. ಮಕ್ಕಳು ಕಾಯಾಕತ್ತಾವು" ಅಂದು ಪಾಠಕ್ಕೆ ಹೋದಳು.

ಎಂಟು ದಿನ ಕಳೆದವು. ಸಂತೆಯಲ್ಲಿ ಸಭೆಯ ಹಿರಿಯ ದಾನಿಯೇಲಪ್ಪ ಸಿಕ್ಕ. ಅವನ ಬಾಯಿ ಸುಮ್ಮನಿರುವ ಬಾಯಲ್ಲ.

"ಏನಪಾ ಯಾಕೋಬಾ, ಕುರ್ಚ್ಯಾಗ ಮುಳ್ಳು ಬಿಟ್ಟೀಯೇನು? ನಿನ್ನ ಹೇಣ್ತಿ ಅದರ ಹತ್ರಾನೂ ಹೋಗವಲ್ಲಳು. ದ್ಯಾಮವ್ವನ ಮಗಳನ್ನ ಕುಂಡ್ರಿಸ್ಯಾಳ. ಸಾಲಿಗೆ ಈಗ ಆ ಹುಡುಗೀನ ಹೆಡ್ ಅಕ್ಕೋರು!"

ಸುತ್ತ ಇದ್ದವರು ನಕ್ಕರು. ಯಾಕೋಬಪ್ಪನ ಕಿವಿ ಬಿಸಿಯಾಯಿತು. ಕೊಂಡ ಕಾಯಿಪಲ್ಯೆ ಅಲ್ಲೇ ಬಿಟ್ಟು ನೆಟ್ಟಗೆ ಸಾಲಿಗೆ ಹೋದ.

ಬಾಗಿಲಲ್ಲೇ ನಿಂತ. ದಾನಿಯೇಲಪ್ಪ ಅಂದದ್ದು ಖರೆ ಇತ್ತು. ಕುರ್ಚಿಯಲ್ಲಿ ಹುಲಿಗೆವ್ವ ಕೂತಿದ್ದಳು. ಏಳು ವರ್ಷದ ಹುಡುಗಿ. ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ, ನಡುವಿನಲ್ಲಿಯೂ ಇಲ್ಲ. ತಾಯಿ ದ್ಯಾಮವ್ವ ದಿನಾ ಟೊಂಕದ ಮೇಲೆ ಹೊತ್ತು ತಂದು ಬಿಟ್ಟು ಕೂಲಿಗೆ ಹೋಗುತ್ತಿದ್ದಳು. ಹುಡುಗಿಯ ಕಾಲು ಗಾಳಿಯಲ್ಲಿ ಜೋತಾಡುತ್ತಿದ್ದವು. ಸಲೋಮಿ ಎದುರಿಗೆ ನೆಲದಲ್ಲಿ ಮೊಳಕಾಲೂರಿದ್ದಳು. ಇಟ್ಟಿಗೆ ಒಂದರ ಮೇಲೊಂದು ಪೇರಿಸಿ ಹುಡುಗಿಯ ಪಾದ ಅದರ ಮೇಲೆ ಇಡುತ್ತಿದ್ದಳು. ಒಂದು ಇಟ್ಟಿಗೆ ಜಾರಿತು. ಮತ್ತೆ ಇಟ್ಟಳು.

ಯಾಕೋಬಪ್ಪ ಅವಳನ್ನು ಹೊರಗೆ ಕರೆದ.

"ನಿನ್ನ ಕುಂಡ್ರಸಾಕ ಕುರ್ಚಿ ಮಾಡೀನಿ. ಅದರ ಮುಂದ ಮೊಳಕಾಲೂರಾಕ ಅಲ್ಲ."

"ಸಿಟ್ಟಾಗಬ್ಯಾಡ್ರಿ. ಆಕಿ ನೆಲದ ಮ್ಯಾಲೆ ಕುಂತ್ರ ವಾಲತಾಳ. ಒಂದು ಕೈ ನೆಲಕ್ಕ ಊರಬೇಕು. ಇನ್ನೊಂದು ಕೈಯಾಗ ಪಾಟಿ ಹಿಡೀಬೇಕು. ಬರಿಯಾಕ ಕೈ ಎಲ್ಲೈತಿ? ಎರಡು ವರ್ಷದಿಂದ ಆಕಿ ಬರೇ ಕೇಳಾಕತ್ತಿದ್ಲು. ನಿಮ್ಮ ಕುರ್ಚಿಗೆ ಕೈ ಅದಾವಲ್ಲ, ಆಕಿನ್ನ ಹಿಡಕೊಂಡಾವು. ನಿನ್ನೆ ತನ್ನ ಹೆಸರು ಬರದ್ಲುರಿ!"

"ಹೆಡ್ ಅಕ್ಕೋರು ಆಕಿಯೋ ನೀನೋ? ನೀ ನೆಲದಾಗ ಇದ್ರ ನಾಲ್ಕು ಮಂದಿ ಏನಂತಾರ?"

ಸಲೋಮಿ ನಕ್ಕಳು.

"ನಮ್ಮ ಸ್ವಾಮಿ ಶಿಷ್ಯರ ಕಾಲು ತೊಳದನಲ್ಲರಿ. ಕುರ್ಚಿ ಮ್ಯಾಲೆ ಕುಂತು ತೊಳದನೇನು?"

ಯಾಕೋಬಪ್ಪ ತಿರುಗಿ ಮನೆಗೆ ಹೊರಟ. ಮನಸ್ಸು ಮಾತ್ರ ತಿಳಿಯಾಗಲಿಲ್ಲ.

ಮರುದಿನ ಸಲೋಮಿ ಒಂದು ದಾರ ತಂದಳು. ಹುಲಿಗೆವ್ವನ ಹಿಮ್ಮಡಿಯಿಂದ ಮೊಳಕಾಲಿನವರೆಗೆ ಅಳೆದು ಗಂಟು ಹಾಕಿದ್ದಳು. ಅದನ್ನು ತಾನೇ ಗೋಡೆಯ ಮೊಳೆಗೆ ಹಾಕಿದಳು.

"ಕುರ್ಚಿ ಕಾಲು ಈ ದಾರದಷ್ಟಕ್ಕ ಕೊಯ್ದು ಕೊಡ್ರಿ. ಆಕಿ ಪಾದ ನೆಲ ಮುಟ್ಟಲಿ. ತಾನ ಇಳೀತಾಳ, ತಾನ ಹತ್ತತಾಳ."

"ಕೊಯ್ಯೋದಾ?" ಯಾಕೋಬಪ್ಪ ಉಳಿ ಕೆಳಗಿಟ್ಟ. "ಆ ಕುರ್ಚೀನ? ನನ್ನ ಕೈಲೆ? ಬೇಕಾದ್ರ ಸಣ್ಣದು ಬ್ಯಾರೆ ಮಾಡತೀನಿ. ಆದ್ರ ಮೊದಲು ನೀ ಅದರಾಗ ಕುಂಡ್ರು. ಸಭೆಯವರು ನೋಡಲಿ. ಆಮ್ಯಾಲೆ."

"ನಿಮ್ಮ ಮನಸು ಬಂದಾಗ ಮಾಡ್ರಿ" ಅಂದಳು ಸಲೋಮಿ.

ಸಭೆಯವರ ಮುಂದೆ ಅವಳು ಕೂಡಲಿಲ್ಲ. ಇವನು ಮಾಡಲಿಲ್ಲ. ದಾರ ತೂಗುತ್ತಿತ್ತು. ಅವಳು ಅದರ ಮಾತು ಮತ್ತೆ ಎತ್ತಲಿಲ್ಲ. ದಿನಾ ಹುಡುಗಿಯನ್ನು ತಾನೇ ಎತ್ತಿ ಕೂಡಿಸುವಳು, ತಾನೇ ಇಳಿಸುವಳು. ಮನೆಗೆ ಬಂದು ನಡುವಿಗೆ ಎಣ್ಣೆ ಹಚ್ಚಿಕೊಳ್ಳುವಳು. ಊಟಕ್ಕೆ ಕೂತಾಗ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಳು, ದೇವರಿಗೆ ಉಪಕಾರ ಹೇಳುವಳು. ಅನ್ನಕ್ಕೆ ಸ್ತೋತ್ರ. ಸಾಲಿಯ ಮಕ್ಕಳಿಗೆ ಸ್ತೋತ್ರ. ನಮ್ಮನಿಯವರ ಕೈಗೆ ಸ್ತೋತ್ರ. ಯಾಕೋಬಪ್ಪನಿಗೆ ಬಾಯಿಬಿಟ್ಟು ಪ್ರಾರ್ಥನೆ ಮಾಡಲು ಬರುತ್ತಿರಲಿಲ್ಲ. ಆಮೆನ್ ಅಂದು ರೊಟ್ಟಿ ಮುರಿಯುವನು.

ದೀಪಾವಳಿಯ ಮುಂದೆ ಸಲೋಮಿಗೆ ಜ್ವರ ಬಂತು. ಹತ್ತು ದಿನ ಇತ್ತು. ಹನ್ನೊಂದನೇ ದಿನ ಅವಳು ತೀರಿಕೊಂಡಳು.

ಊರೆಲ್ಲ ಬಂತು. ಮಣ್ಣು ಮಾಡಿದರು. ಹೋದರು.

ಯಾಕೋಬಪ್ಪ ಅಂಗಡಿ ತೆಗೆಯಲಿಲ್ಲ. ಎರಡು ರೊಟ್ಟಿ ಬಡಿಯುವನು, ಒಂದು ತಿನ್ನುವನು. ಎರಡನೆಯದನ್ನು ಯಾಕೆ ಬಡಿದೆ ಅಂತ ನೋಡುತ್ತ ಕೂಡುವನು.

ತಿಂಗಳಾಯಿತು. ಸಾಲಿಯಲ್ಲಿ ಸ್ಮರಣೆಯ ಕೂಟ ಇಟ್ಟರು. ದಾನಿಯೇಲಪ್ಪನೇ ಮನೆಗೆ ಬಂದು ಹೇಳಿದ.

"ಯಾಕೋಬಾ, ಆ ಕುರ್ಚ್ಯಾಗ ಇನ್ನ ಯಾರೂ ಕುಂಡ್ರಬಾರದು ಅಂತ ಮಾಡೀವಿ. ಅದರ ಮ್ಯಾಲೆ ಅಕ್ಕೋರ ಫೋಟೋ ಇಟ್ಟು ಮಾಲಿ ಹಾಕೀವಿ. ಕಾಯಂ ಅಲ್ಲೇ ಇರಲಿ. ಅಂಥಾ ಅಕ್ಕೋರು ಮತ್ತ ಸಿಗೂದಿಲ್ಲ."

ಯಾಕೋಬಪ್ಪನಿಗೆ ಸಮಾಧಾನವಾಯಿತು. ಕಡೆಗೂ ಕುರ್ಚಿ ಅವಳದಾಯಿತು ಅಂದುಕೊಂಡ. ತೊಳೆದ ಅಂಗಿ ಹಾಕಿಕೊಂಡು ಹೋದ.

ಸಾಲಿಯ ಕಟ್ಟೆಯ ಮೇಲೆ ಕುರ್ಚಿ ಇತ್ತು. ಫೋಟೋ ಇತ್ತು. ಚೆಂಡುಹೂವಿನ ಮಾಲೆ ಇತ್ತು. ಮಕ್ಕಳು ಸಾಲಾಗಿ ಚಾಪೆಯ ಮೇಲೆ ಕೂತು ಪಾಟಿಯಲ್ಲಿ ಏನೋ ಬರೆಯುತ್ತಿದ್ದರು. ಅಕ್ಕೋರ ಬಗ್ಗೆ ಒಂದು ಸಾಲು ಬರೆಯಿರಿ ಅಂತ ಹೊಸ ಮಾಸ್ತರು ಹೇಳಿದ್ದರಂತೆ.

ಕಡೆಯ ಸಾಲಿನಲ್ಲಿ ಹುಲಿಗೆವ್ವ ಇದ್ದಳು, ನೆಲದ ಮೇಲೆ. ಎಡಗೈ ನೆಲಕ್ಕೆ ಊರಿತ್ತು. ಬಲಗೈಯಲ್ಲಿ ಪಾಟಿ ಹಿಡಿದಿದ್ದಳು. ಬಳಪ ಮಡಿಲಲ್ಲಿ ಬಿದ್ದಿತ್ತು. ಪಾಟಿ ಖಾಲಿ ಇತ್ತು.

ಯಾಕೋಬಪ್ಪ ಖಾಲಿ ಪಾಟಿ ನೋಡಿದ. ಫೋಟೋ ನೋಡಿದ. ಮತ್ತೆ ಪಾಟಿ ನೋಡಿದ.

ಎದ್ದು ಹೊರಟ.

"ಎಲ್ಲಿ ಹೊಂಟಿ? ಪ್ರಾರ್ಥನಾ ಸುರು ಆಗೂದೈತಿ!" ಅಂದ ದಾನಿಯೇಲಪ್ಪ.

"ಬಂದೆ."

ಮನೆಗೆ ಬಂದು ಅಂಗಡಿಯ ಬಾಗಿಲು ತೆಗೆದ. ಗೋಡೆಯಲ್ಲಿ ಆ ದಾರ ಹಾಗೇ ಇತ್ತು, ಧೂಳು ಹತ್ತಿತ್ತು. ಗಂಟು ಮುಟ್ಟಿ ನೋಡಿದ. ಸಲೋಮಿಯ ಕೈಯ ಗಂಟು, ಬಡಿಗರ ಗಂಟಲ್ಲ. ಹೂ ಕಟ್ಟುವವರ ಗಂಟು. ದಾರ ಕೊರಳಿಗೆ ಹಾಕಿಕೊಂಡ. ಗರಗಸ ತಗೊಂಡ.

ಸಾಲಿಗೆ ಬಂದವನು ಮೊದಲು ಮಾಲೆ ತೆಗೆದ. ಫೋಟೋ ಕಿಟಕಿಯಲ್ಲಿ ಇಟ್ಟ. ಕುರ್ಚಿ ಅಡ್ಡ ಕೆಡವಿದ.

ದಾನಿಯೇಲಪ್ಪ ಓಡಿಬಂದ. "ಏ, ಏ! ತಲಿ ಕೆಟ್ಟೈತೇನು? ಸತ್ತವರ ಕುರ್ಚಿ ಕೊಯ್ತೀಯಾ?"

"ಸತ್ತವರದಲ್ಲರಿ. ಕುಂಡ್ರೋರದು."

"ಅಲ್ಲೋ, ನೀನೇ ಮಾಡಿದ್ದು! ಒಂದು ತಿಂಗಳ ಬೆವರು ಸುರಿಸಿ ಮಾಡಿದ್ದು!"

"ಅದಕ್ಕ ನಾನೇ ಕೊಯ್ಬೇಕು."

ದಾರ ಹಿಡಿದು ಅಳೆದ. ಎಂಟು ಬೆರಳು ಹೆಚ್ಚಿತ್ತು. ಗುರುತು ಹಾಕಿದ. ಮೊದಲ ಕಾಲಿಗೆ ಗರಗಸ ಇಟ್ಟ. ಸಾಗವಾನಿಯ ವಾಸನೆ ಬಂತು. ಅವಳು ಕುರ್ಚಿಯ ಮೇಲೆ ಕೈ ಆಡಿಸಿದ್ದು ಕಣ್ಣಿಗೆ ಕಟ್ಟಿತು. ಗರಗಸ ಹಾಗೇ ನಿಂತಿತು.

ಆಗ ಹಿಂದಿನಿಂದ ಸಣ್ಣ ದನಿ ಬಂತು. ಹುಲಿಗೆವ್ವ ತೆವಳುತ್ತ ಹತ್ತಿರ ಬಂದಿದ್ದಳು.

"ಅಕ್ಕೋರು ಇದರಾಗ ಕುಂತಿದ್ರು."

ಯಾಕೋಬಪ್ಪ ತಿರುಗಿದ. "ಯಾವಾಗ?"

"ಸಾಲಿ ಬಿಟ್ಟ ಮ್ಯಾಲೆ. ನಮ್ಮವ್ವ ಬರೂದು ತಡ ಆಗತಿತ್ತಲ್ಲ, ಆವಾಗ. ನನ್ನ ತೊಡಿ ಮ್ಯಾಲೆ ಕುಂಡ್ರಿಸಿಕೊಂಡು ಕುಂಡ್ರತಿದ್ರು. ದಿನಾ."

"ಏನಂತಿದ್ರು?"

"'ನಮ್ಮನಿಯವರ ಕೈ ನೋಡು ಹುಲಿಗಿ, ಒಂದು ಮೊಳಿ ಇಲ್ಲ. ನಾವಿಬ್ಬರು ಕುಂತ್ರೂ ಕಿರ್ ಅನ್ನೂದಿಲ್ಲ' ಅಂತಿದ್ರು. ನೀವು ಬಾಳ ಚಲೋ ಅಂತಿದ್ರು. ಸಿಟ್ಟು ಒಂದು ಚೂರು ಜಾಸ್ತಿ ಅಂತಿದ್ರು."

ಮಕ್ಕಳು ಕಿಸಕ್ಕನೆ ನಕ್ಕವು. ಯಾಕೋಬಪ್ಪನಿಗೂ ನಗು ಬಂತು. ನಗುವಿನ ಜೊತೆ ಕಣ್ಣೀರು ಬಂತು. ಒರೆಸಿಕೊಳ್ಳಲಿಲ್ಲ. ಗರಗಸ ಎಳೆದ.

ಮರದ ಹುಡಿ ಬಿತ್ತು. ಒಂದು ಕಾಲು. ಎರಡು. ದಾನಿಯೇಲಪ್ಪ ಪಂಜೆ ಎತ್ತಿ ಕಟ್ಟಿ ನೆಲಕ್ಕೆ ಕೂತ. ಕುರ್ಚಿ ಅಲುಗಾಡದಂತೆ ಹಿಡಿದುಕೊಂಡ. ಮೂರು. ನಾಲ್ಕು.

ಯಾಕೋಬಪ್ಪ ಕುರ್ಚಿ ನೆಟ್ಟಗೆ ಇಟ್ಟ. ಸಲೋಮಿಯ ಹಳೆಯ ಸೀರೆ ಒಂದು ಸಾಲಿಯ ಕಪಾಟಿನಲ್ಲಿತ್ತು. ಮೊದಲು ಅದನ್ನೇ ಮಡಚಿ ಹುಡುಗಿಯ ಬೆನ್ನಿಗೆ ಇಡುತ್ತಿದ್ದರಂತೆ. ಅದನ್ನು ತಂದು ಇಟ್ಟ. ಹುಲಿಗೆವ್ವನನ್ನು ಎತ್ತಲು ಬಗ್ಗಿದ.

"ಬ್ಯಾಡ್ರಿ, ನಾನ ಹತ್ತತೀನಿ."

ಕುರ್ಚಿಯ ಕೈ ಹಿಡಿದಳು. ಒಮ್ಮೆ ಜಾರಿದಳು. ಮತ್ತೆ ಹಿಡಿದಳು. ಹತ್ತಿ ಕೂತಳು. ಎರಡೂ ಪಾದ ನೆಲ ಮುಟ್ಟಿದವು. ಪಾಟಿ ತೊಡೆಯ ಮೇಲೆ ಇಟ್ಟುಕೊಂಡು ಬರೆದಳು. ಬರೆದು ಅವನ ಕಡೆ ತಿರುಗಿಸಿದಳು.

ಯಾಕೋಬಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

"ನಮ್ಮ ಅಕ್ಕೋರು ನೆಲದ ಮೇಲೆ ಕೂಡುತ್ತಿದ್ದರು."

ಮಾಸ್ತರು ಪ್ರಾರ್ಥನೆಗೆ ಕರೆದರು. ಯಾರು ಮಾಡುತ್ತೀರಿ ಅಂದರು. ಎಂದೂ ಬಾಯಿ ಬಿಡದ ಯಾಕೋಬಪ್ಪ ಅಲ್ಲೇ ಹುಡಿಯ ನಡುವೆ ಮೊಳಕಾಲೂರಿದ. ಬಂದದ್ದು ಇಷ್ಟೇ.

"ಸ್ವಾಮೀ, ಇಪ್ಪತ್ತಾರು ವರ್ಷ ಆಕಿನ್ನ ನನ್ನ ಮನ್ಯಾಗ ಇಟ್ಟಿದ್ದಿ. ಸ್ತೋತ್ರ. ತಡ ಆತು. ಆದ್ರೂ ಮಾಡಿಸಿದಿ. ಸ್ತೋತ್ರ."

ಕೊಯ್ದ ನಾಲ್ಕು ತುಂಡು ಅವನು ಒಲೆಗೆ ಹಾಕಲಿಲ್ಲ. ಒಂದೊಂದನ್ನೂ ಎರಡೆರಡು ಬೆರಳಿನ ಬಿಲ್ಲೆ ಮಾಡಿದ. ನಡುವೆ ತೂತು ಕೊರೆದು ಗೂಟ ಮಾಡಿಟ್ಟ. ಹುಡುಗಿ ಬೆಳೆಯುತ್ತಾಳಲ್ಲ. ಪ್ರತಿ ವರ್ಷ ಸಾಲಿ ಸುರುವಾದ ದಿನ ಯಾಕೋಬಪ್ಪ ದಾರ ಹಿಡಿದು ಬರುವನು. ಅವಳ ಮುಂದೆ ನೆಲಕ್ಕೆ ಮೊಳಕಾಲೂರಿ ಹಿಮ್ಮಡಿಯಿಂದ ಅಳೆಯುವನು. ಹೊಸ ಗಂಟು ಹಾಕುವನು. ಬೇಕಾದರೆ ಕುರ್ಚಿಯ ಕಾಲಿಗೆ ಒಂದೊಂದು ಬಿಲ್ಲೆ ಕೂಡಿಸುವನು.

"ದಾರದ ಗಂಟು ಯಾವಾಗ ಬಿಚ್ಚತೀರಿ ಕಾಕಾ?" ಅಂತ ಹುಲಿಗೆವ್ವ ಒಮ್ಮೆ ಕೇಳಿದಳು.

"ಕೆಲಸ ಮುಗದಾಗ" ಅಂದ ಯಾಕೋಬಪ್ಪ. ದಾರ ಮತ್ತೆ ಮೊಳೆಗೆ ಹಾಕಿದ.

ನೀತಿ: ಮಕ್ಕಳೇ, ದೊಡ್ಡ ಜಾಗ ಸಿಕ್ಕಾಗ ಅದರ ಎತ್ತರ ಅಳೆಯಬೇಡಿ. ಯಾರ ಪಾದ ನೆಲ ಮುಟ್ಟಿಲ್ಲ ನೋಡಿ, ಅವರಿಗೆ ಬಾಗಿ. ಶಿಷ್ಯರ ಕಾಲು ತೊಳೆದ ಸ್ವಾಮಿ ತೋರಿಸಿದ ದೊಡ್ಡಸ್ತಿಕೆ ಅದು ಒಂದೇ. ಒಳ್ಳೆಯ ಗುರುಗಳನ್ನು ನೆನೆಯಬೇಕೆಂದರೆ ಮಾಲೆ ಸಾಲದು. ಅವರು ಅರ್ಧಕ್ಕೆ ಬಿಟ್ಟ ಕೆಲಸ ಎತ್ತಿಕೊಳ್ಳಬೇಕು. ಮತ್ತೆ, ಮನೆಯವರು ಒಳ್ಳೆಯದು ಕೇಳಿದರೆ ಅವರು ಇದ್ದಾಗಲೇ ಮಾಡಿಕೊಡಿ.