ಪುಸ್ತಕಕ್ಕೆ ತಕ್ಕ ಮಾತು

ಹೊಳೆದಂಡೆಯ ಆಶ್ರಮದಲ್ಲಿ ಮುರಿಗಯ್ಯ ಎಂಬ ಗುರುಗಳಿದ್ದರು. ಅವರ ಕಣ್ಣು ಮಂಜಾಗಿತ್ತು. ಓದುವುದು, ಬರೆಯುವುದು ಎಲ್ಲವನ್ನೂ ಶಿಷ್ಯೆ ಶಿವಲೀಲೆ ಮಾಡಿಕೊಡುತ್ತಿದ್ದಳು.

ಒಂದು ದಿನ ಆಚೆ ದಂಡೆಯಿಂದ ಕೈಬರಹದ ಪುಸ್ತಕವೊಂದು ಬಂತು. ಬರೆದವರು ಗುರುಗಳ ಬಾಲ್ಯದ ಗೆಳೆಯ ಚನ್ನಮಲ್ಲಪ್ಪ. ಹಾಸಿಗೆ ಹಿಡಿದಿದ್ದರು. ಜೀವಮಾನದಲ್ಲಿ ಬರೆದದ್ದು ಅದೊಂದೇ ಕಥೆ. ಹೇಗಿದೆಯೆಂದು ಒಂದು ಮಾತು ಬರೆದು ಕಳಿಸು ಎಂದು ಕೇಳಿಕೊಂಡಿದ್ದರು.

“ನೀನೇ ಓದಿ ಬರೆ ತಾಯಿ,” ಎಂದರು ಗುರುಗಳು. “ನಾನು ಕೇಳಿದರೆ ಗೆಳೆಯನ ಕಿವಿಯಿಂದ ಕೇಳುತ್ತೇನೆ. ಅವನಿಗೆ ಬೇಕಾದದ್ದು ಓದಿದವರ ಮಾತು.”

ಮರುದಿನ ಸಂಜೆ ಶಿವಲೀಲೆ ಕಾಗದ ಹಿಡಿದು ಬಂದಳು.

“‘ಹಿಡಿದರೆ ಬಿಡದ ಪುಸ್ತಕ’ ಅಂತ ಬರೆದಿದ್ದೇನೆ.”

“ಜಿಗಣೆಯೂ ಹಿಡಿದರೆ ಬಿಡದು.”

ಅವಳು ಅದನ್ನು ಹೊಡೆದುಹಾಕಿದಳು. “‘ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ’?”

“ಕಷಾಯವನ್ನೂ ಒಂದೇ ಉಸಿರಿಗೆ ಕುಡಿಯುತ್ತೇವೆ. ಬೇಗ ಮುಗಿಯಲಿ ಅಂತ.”

“‘ಕುತೂಹಲ ಕೆರಳಿಸುತ್ತದೆ’?”

“ಪಕ್ಕದ ಮನೆಯ ಜಗಳವೂ ಕೆರಳಿಸುತ್ತದೆ.”

ಶಿವಲೀಲೆಗೆ ಅಳುವೇ ಬಂತು. “ನನ್ನಲ್ಲಿದ್ದ ಮಾತೆಲ್ಲ ಮುಗಿಯಿತು, ಗುರುಗಳೇ. ಅವರು ಕಾಯುತ್ತಿದ್ದಾರೆ. ಇನ್ನೆಷ್ಟು ದಿನ ಕಾದಾರೋ.”

“ಓದುವಾಗ ಏನಾಯಿತು, ಅದನ್ನು ಹೇಳು.”

ಅವಳು ತಲೆ ತಗ್ಗಿಸಿದಳು.

“ತಪ್ಪಾಯಿತು. ನೀರಿಗೆ ಹೋದವಳು ಕಲ್ಲಿನ ಮೇಲೆ ಓದುತ್ತ ಕೂತುಬಿಟ್ಟೆ. ಕೊಡ ತೇಲಿಹೋಯಿತು.”

“ನೋಡಲಿಲ್ಲವೇ?”

“ನೋಡಿದೆ. ಆದರೆ ಕಥೆಯ ಹುಡುಗಿ ಆಗಷ್ಟೇ ತವರಿನ ಬಾಗಿಲು ತಟ್ಟಿದ್ದಳು. ತಾಯಿ ತೆಗೆಯುತ್ತಾಳೋ ಇಲ್ಲವೋ ಅಂತ... ಏಳಲು ಆಗಲಿಲ್ಲ.”

“ಇಷ್ಟನ್ನೇ ಬರೆ. ನೀನೇ ಹೋಗಿ ಕೊಟ್ಟು ಬಾ.”

ಬೆಳಗ್ಗೆ ದೋಣಿ ಹತ್ತಿ ಹೋದಳು. ಚನ್ನಮಲ್ಲಪ್ಪ ಕಾಗದ ಹಿಡಿದು ಎರಡು ಸಲ ಓದಿದರು.

“ಕೊಡ ತೇಲಿಹೋಯಿತೇ ಮಗಳೇ?”

“ಹೌದಜ್ಜ.”

ಅವರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. “ಕೊನೆ ಹೇಗಿದೆ?”

“ಕೊನೆಯ ಎರಡು ಹಾಳೆ ಓದಿಲ್ಲ, ಅಜ್ಜ. ಓದಿದರೆ ಮುಗಿದುಹೋಗುತ್ತದಲ್ಲ.”

ಚನ್ನಮಲ್ಲಪ್ಪ ಅವಳ ತಲೆಯ ಮೇಲೆ ಕೈಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

ಆಶ್ರಮಕ್ಕೆ ಮರಳಿ ಶಿವಲೀಲೆ ನಡೆದದ್ದನ್ನೆಲ್ಲ ಹೇಳಿದಳು. ಗುರುಗಳು ಸ್ವಲ್ಪ ಸರಿದು, ಚಾಪೆಯ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟರು.

“ಈಗ ನನಗೆ ಓದಿ ಹೇಳು. ಮೊದಲ ಸಾಲಿನಿಂದ.”

ಅವಳು ಪುಸ್ತಕ ತೆರೆದಳು. ಹುರುಪಿನಲ್ಲಿ ಮೊದಲ ಪುಟ ಸರಸರನೆ ಸಾಗಿತು. ಗುರುಗಳು ಅವಳ ಮೊಣಕೈ ಮುಟ್ಟಿ ತಡೆದರು.

“ಮೆಲ್ಲಗೆ ತಾಯಿ. ಅವನು ಇನ್ನೊಂದು ಬರೆಯಲಾರ.”